ತಾರಸಿ ಕಾಣದ ಬೀದಿಯಲ್ಲಿ ನಿಂತವರು

ಎಂಟು ಗಂಟೆಯ ಸಿನಿಮಾ ಅಂದ್ರೆ ನಿಮ್ಮಲ್ಲಿ ಎಷ್ಟು ಜನ ಕೂತು ನೋಡ್ತೀರಿ? ಅದರಲ್ಲಿ ಹೀರೋಯಿನ್ ಇಲ್ಲ, ಫೈಟ್ ಇಲ್ಲ, ಇಂಟರ್‌ವಲ್‌ಗೆ ಟ್ವಿಸ್ಟ್ ಇಲ್ಲ. ನಾಲ್ಕು ಜನ ಗಂಡಸರು ಕುರ್ಚಿ ಮೇಲೆ ಕೂತು ಟೀ ಕುಡೀತಾರೆ, ಟೋಸ್ಟ್ ತಿಂತಾರೆ, ಆಕಳಿಸ್ತಾರೆ. ಒಂದೇ ಹಾಡಿನ ಒಂದೇ ತುಣುಕನ್ನು ಮತ್ತೆ ಮತ್ತೆ ನುಡಿಸ್ತಾರೆ. ನಡುವೆ ಒಬ್ಬ ಕೆಲಸ ಬಿಟ್ಟು ಎದ್ದು ಹೋಗ್ತಾನೆ, ಆಮೇಲೆ ವಾಪಸ್ ಬರ್ತಾನೆ. ಕೊನೆಗೆ ಎಲ್ಲರೂ ತಾರಸಿ ಹತ್ತಿ ಹಾಡ್ತಾರೆ. ಅಷ್ಟೇ ಕಥೆ.

ಪೀಟರ್ ಜಾಕ್ಸನ್ ನಿರ್ದೇಶನದ ‘ದ ಬೀಟಲ್ಸ್: ಗೆಟ್ ಬ್ಯಾಕ್’ ಅನ್ನೋ ಸಾಕ್ಷ್ಯಚಿತ್ರ ಇದು. 2021ರ ನವೆಂಬರ್ 25, 26, 27ರಂದು ದಿನಕ್ಕೊಂದು ಕಂತಿನಂತೆ ಡಿಸ್ನಿ ಪ್ಲಸ್‌ನಲ್ಲಿ ಬಂತು. ಒಟ್ಟು 468 ನಿಮಿಷ. ಅರ್ಧಕ್ಕೇ ನಿದ್ದೆ ಬಂತು ಅಂದವರೂ ಇದ್ದಾರೆ, ಮುಗಿದ ಮರುದಿನವೇ ಮೊದಲಿಂದ ಮತ್ತೆ ಶುರು ಮಾಡಿದವರೂ ಇದ್ದಾರೆ. ನಾನು ಎರಡನೇ ಪೈಕಿ.

ಆಫೀಸಿನ ಪ್ರಾಜೆಕ್ಟ್ ಮೇಲೆ ಲಂಡನ್ನಿಗೆ ಬಂದು ಒಂದೂವರೆ ವರ್ಷ ಆಯ್ತು. ಹೌನ್ಸ್ಲೋ ಅನ್ನೋ ಕಡೆ ಒಂದು ರೂಮು. ಇಲ್ಲಿಗೆ ಬಂದವರೆಲ್ಲ ಟವರ್ ಬ್ರಿಡ್ಜ್, ಲಂಡನ್ ಐ, ಮೇಣದ ಬೊಂಬೆಗಳ ಮ್ಯೂಸಿಯಂ ನೋಡ್ತಾರೆ. ನಾನೂ ನೋಡಿದೆ. ಆದರೆ ಈ ಸಲ ಜನವರಿ 30ಕ್ಕೆ ಒಂದು ದಿನ ರಜೆ ಹಾಕಿ, ಆ ಸಿನಿಮಾ ನಡೆದ ಜಾಗಗಳನ್ನು ಅದು ನಡೆದ ಕ್ರಮದಲ್ಲೇ ನೋಡೋಣ ಅಂತ ಹೊರಟೆ. ಮೊದಲು ಟ್ವಿಕನಂ, ಆಮೇಲೆ ಸ್ಯಾವಿಲ್ ರೋ, ಕೊನೆಗೆ ಆಬಿ ರೋಡ್. ಬಸ್ಸು, ರೈಲು, ಟ್ಯೂಬು ಸೇರಿ ಒಂದೇ ದಿನದ ಸುತ್ತಾಟ.

ಮೊದಲ ನಿಲ್ದಾಣ: ಶೆಡ್ಡಿನ ಚಳಿ

ಹೌನ್ಸ್ಲೋದಿಂದ ಎಚ್37 ಬಸ್ ಹತ್ತಿದ್ರೆ ಸೇಂಟ್ ಮಾರ್ಗರೆಟ್ಸ್ ಸಿಗುತ್ತೆ. ನಾಲ್ಕಾರು ಕೆಫೆ, ಒಂದು ರೈಲು ನಿಲ್ದಾಣ, ಸಾಲಾಗಿ ಇಟ್ಟಿಗೆ ಮನೆಗಳು. ಇಂಥ ನಿದ್ದೆಗಣ್ಣಿನ ಬಡಾವಣೆ ಮಧ್ಯೆ ಟ್ವಿಕನಂ ಫಿಲ್ಮ್ ಸ್ಟುಡಿಯೋ ಇದೆ. ಹೊರಗಿಂದ ನೋಡಿದ್ರೆ ನಮ್ಮೂರಿನ ಹಳೇ ಕಾರ್ಖಾನೆ ತರಹವೇ. ಒಳಗೆ ಬಿಡಲ್ಲ. ಗೇಟಿನ ಆಚೆ ನಿಂತು ಕೈ ಉಜ್ಜಿಕೊಂಡೆ. ಬೆಳಿಗ್ಗೆ ಹತ್ತು ಗಂಟೆಗೂ ಬಾಯಿಂದ ಹೊಗೆ ಬರ್ತಿತ್ತು.

1969ರ ಜನವರಿ 2ರಂದು ಬೀಟಲ್ಸ್ ಇಲ್ಲಿಗೆ ಬಂದ್ರು. ಹೊಸ ಹಾಡುಗಳನ್ನು ಇಲ್ಲೇ ಕಟ್ಟಬೇಕು, ತಾಲೀಮು ಮಾಡಬೇಕು, ಕೆಲವೇ ವಾರಗಳಲ್ಲಿ ಜನರ ಮುಂದೆ ಹಾಡಬೇಕು, ಇಡೀ ಕೆಲಸವನ್ನು ಕ್ಯಾಮೆರಾ ಹಿಡೀಬೇಕು ಅನ್ನೋದು ಪ್ಲಾನು. ನಿರ್ದೇಶಕ ಮೈಕೆಲ್ ಲಿಂಡ್ಸೆ ಹಾಗ್‌ಗೆ ಇವರನ್ನು ಲಿಬಿಯಾದ ಪುರಾತನ ಬಯಲು ರಂಗಮಂದಿರಕ್ಕೆ ಕರ್ಕೊಂಡು ಹೋಗಿ ಹಾಡಿಸೋ ಆಸೆ. ಕೈಯಲ್ಲಿ ಪೂರ್ತಿ ಆದ ಹಾಡು ನೆಟ್ಟಗೆ ನಾಲ್ಕಿಲ್ಲ, ಜಾಗ ಮಾತ್ರ ಲಿಬಿಯಾ! ನಮ್ಮ ಆಫೀಸಿನಲ್ಲೂ ಹೀಗೇ ಅಲ್ವಾ? ಕೆಲಸ ಶುರುವಾಗೋ ಮುಂಚೆ ಲಾಂಚ್ ಪಾರ್ಟಿ ಎಲ್ಲಿ ಅಂತ ಮೀಟಿಂಗ್.

ಇನ್ನೊಂದು ವಿಷಯ ನನ್ನನ್ನು ಹಿಡಿದು ಕೂರಿಸಿತು. ಆಗ ಜಾನ್ ಮತ್ತು ರಿಂಗೋಗೆ 28 ವರ್ಷ. ಪಾಲ್‌ಗೆ 26. ಜಾರ್ಜ್‌ಗೆ 25. ಫೋಟೋಗಳಲ್ಲಿ ಗಡ್ಡ ಮೀಸೆ ನೋಡಿ ನಾವು ಅವರನ್ನು ದೊಡ್ಡವರು ಅಂದ್ಕೊಳ್ತೀವಿ. ಪ್ರಪಂಚದ ಅತಿ ದೊಡ್ಡ ತಂಡ ಒಡೆಯೋ ಹಂತಕ್ಕೆ ಬಂದಾಗ ಅವರೆಲ್ಲ ನನ್ನ ಟೀಮಿನವರ ವಯಸ್ಸಿನವರು.

ಅಭಿಮಾನಿಗಳು ಅತಿ ಹೆಚ್ಚು ಸಲ ತಿರುಗಿ ನೋಡೋ ದೃಶ್ಯ ಇಲ್ಲಿಯದೇ. ಜನವರಿ 7ರ ಬೆಳಿಗ್ಗೆ. ಜಾನ್ ಇನ್ನೂ ಬಂದಿಲ್ಲ. ಪಾಲ್ ಸುಮ್ಮನೆ ಕೂರಲಾರದೆ ಬಾಸ್ ಗಿಟಾರ್ ತಂತಿಯನ್ನು ಬಡಿಯೋಕೆ ಶುರು ಮಾಡ್ತಾನೆ. ಮಾತಿಲ್ಲ, ಅರ್ಥವಿಲ್ಲ, ಬರೀ ಗುನುಗು. ಜಾರ್ಜ್ ಆಕಳಿಸ್ತಾನೆ. ಒಂದೆರಡು ನಿಮಿಷದಲ್ಲಿ ಆ ಗುನುಗಿನ ಒಳಗಿಂದ ‘ಗೆಟ್ ಬ್ಯಾಕ್’ ಹಾಡು ತಲೆ ಹಾಕುತ್ತೆ. ರಿಂಗೋ ಚಪ್ಪಾಳೆ ತಟ್ಟೋಕೆ ಶುರು ಮಾಡ್ತಾನೆ, ಜಾರ್ಜ್ ಗಿಟಾರ್ ಎತ್ಕೊಳ್ತಾನೆ. ಪ್ರತಿಭೆ ಅಂದ್ರೆ ಮಿಂಚು ಹೊಡೆದ ಹಾಗೆ ಅಂತ ನಂಬಿದವರಿಗೆ ಇದು ಬೇರೆ ಪಾಠ ಹೇಳುತ್ತೆ. ಕುರ್ಚಿ ಬಿಟ್ಟು ಏಳದೆ ಕೂತಿದ್ದವನ ಕೈಗೆ ಹಾಡು ಸಿಕ್ಕಿತು.

ಮೂರೇ ದಿನಕ್ಕೆ, ಜನವರಿ 10ರಂದು, ಜಾರ್ಜ್ ಬ್ಯಾಂಡ್ ಬಿಡ್ತೀನಿ ಅಂತ ಎದ್ದು ಹೋದ. ಕೂಗಾಟ ಇಲ್ಲ, ಬಾಗಿಲು ಬಡಿದ ಸದ್ದಿಲ್ಲ. 13ರ ಬೆಳಿಗ್ಗೆ ಜಾನ್ ಕೂಡ ಬಂದಿರಲಿಲ್ಲ. ಇನ್ನು ಉಳಿದದ್ದು ಇಬ್ಬರು ಅನ್ನೋ ಅರ್ಥದ ಮಾತೊಂದನ್ನು ಪಾಲ್ ಆಡ್ತಾನೆ. ಕ್ಯಾಮೆರಾ ಅವನ ಮುಖದ ಮೇಲೇ ನಿಲ್ಲುತ್ತೆ. ಕಣ್ಣು ತುಂಬಿದೆ. ಅವತ್ತು ಮಧ್ಯಾಹ್ನ ಜಾನ್ ಬಂದಾಗ ಅವನೂ ಪಾಲ್‌ನೂ ಕ್ಯಾಂಟೀನಿನಲ್ಲಿ ಗುಟ್ಟಾಗಿ ಮಾತಾಡಿದ್ದನ್ನು ಹೂದಾನಿಯಲ್ಲಿ ಬಚ್ಚಿಟ್ಟಿದ್ದ ಮೈಕು ಹಿಡಿದಿಟ್ಟಿದೆ. ಆ ಭಾಗ ನೋಡುವಾಗ ಬೇರೆಯವರ ಮನೆ ಕಿಟಕಿಗೆ ಕಿವಿ ಇಟ್ಟ ಹಾಗೆ ನನಗೆ ಸಂಕೋಚ ಆಗಿತ್ತು.

ಅದೇ ರೀಲು, ಎರಡು ಕಥೆ

ಸೇಂಟ್ ಮಾರ್ಗರೆಟ್ಸ್‌ನಿಂದ ವಾಟರ್‌ಲೂಗೆ ರೈಲು. ಕಿಟಕಿ ಪಕ್ಕ ಕೂತು ಬರುವಾಗ ಈ ಸಿನಿಮಾದ ಹಿಂದಿನ ಕಥೆ ಹೇಳಿಬಿಡ್ತೀನಿ. ಅದು ಗೊತ್ತಿಲ್ಲದಿದ್ರೆ ಅಭಿಮಾನಿಗಳು ಇಷ್ಟೊಂದು ಅತ್ತದ್ದು ಯಾಕೆ ಅಂತ ಅರ್ಥ ಆಗಲ್ಲ.

ಜನವರಿ 1969ರಲ್ಲಿ ತೆಗೆದ ಚಿತ್ರ ಸುಮಾರು 60 ಗಂಟೆಯದು. ಧ್ವನಿ ಮುದ್ರಣ 150 ಗಂಟೆಗೂ ಹೆಚ್ಚು. ಅದರಿಂದ ಸುಮಾರು 80 ನಿಮಿಷದ ‘ಲೆಟ್ ಇಟ್ ಬಿ’ ಸಿನಿಮಾ ಮಾಡಿ 1970ರ ಮೇ ತಿಂಗಳಲ್ಲಿ ಬಿಡುಗಡೆ ಮಾಡಿದ್ರು. ಅದಕ್ಕೆ ಒಂದು ತಿಂಗಳ ಮುಂಚೆ, ಏಪ್ರಿಲ್‌ನಲ್ಲಿ, ತಂಡ ಒಡೆದ ಸುದ್ದಿ ಪೇಪರಿನಲ್ಲಿ ಬಂದಿತ್ತು. ಸಾವಿನ ಮನೆಗೆ ಹೋದವರು ಗೋಡೆ ಮೇಲಿನ ಹಳೇ ಫೋಟೋ ನೋಡೋ ಥರ ಜನ ಆ ಸಿನಿಮಾ ನೋಡಿದ್ರು. ಪಾಲ್ ಮತ್ತು ಜಾರ್ಜ್ ಗಿಟಾರ್ ವಿಷಯಕ್ಕೆ ಸಣ್ಣದಾಗಿ ವಾದ ಮಾಡಿದ್ದೇ ದೊಡ್ಡ ಜಗಳವಾಗಿ ಕಂಡಿತು. ಆ ಸಿನಿಮಾ ಎಂಬತ್ತರ ದಶಕದಿಂದ ಎಷ್ಟೋ ವರ್ಷ ಸಿಗ್ತಲೂ ಇರಲಿಲ್ಲ. ನೋಡಿದವರ ಬಾಯಲ್ಲಿ ಕಥೆ ಬೆಳೀತು: ಆ ತಿಂಗಳು ಅವರೆಲ್ಲ ಒಬ್ಬರ ಮುಖ ಒಬ್ಬರು ನೋಡ್ತಿರಲಿಲ್ಲ, ಯೋಕೋ ಓನೋ ಬಂದು ತಂಡ ಮುರಿದಳು.

ಐವತ್ತು ವರ್ಷ ಕಳೆದ ಮೇಲೆ ಅದೇ ರೀಲುಗಳು ಜಾಕ್ಸನ್ ಕೈಗೆ ಬಂದ್ವು. ಆಗ ಬೀಟಲ್ಸ್‌ಗೆ ತಮ್ಮ ಮಾತು ಮೈಕಿಗೆ ಸಿಗಬಾರದು ಅನ್ನಿಸಿದ್ರೆ ಗಿಟಾರನ್ನು ಜೋರಾಗಿ ಬಾರಿಸ್ತಾ ಮಾತಾಡ್ತಿದ್ರಂತೆ. ನ್ಯೂಜಿಲೆಂಡಿನ ತಂತ್ರಜ್ಞರು ಕಂಪ್ಯೂಟರಿಗೆ ಕಲಿಸಿ ಗಿಟಾರ್ ಸದ್ದು ಬೇರೆ, ಮಾತು ಬೇರೆ ಮಾಡಿದ್ರು. ಆಗ ಕೇಳಿಸಿದ್ದು ಬೈಗುಳ ಮಾತ್ರ ಅಲ್ಲ. ತಮಾಷೆ, ಅಣಕ, ಮಕ್ಕಳಾಟ, ಜೊತೆಗೆ ಒಬ್ಬರನ್ನೊಬ್ಬರು ನೋಯಿಸದೆ ಮಾತಾಡೋ ಒದ್ದಾಟ.

ನನಗೆ ಅತಿ ವಿಚಿತ್ರ ಅನ್ನಿಸಿದ್ದು ಇದು. 1970ರ ಸಿನಿಮಾದಲ್ಲಿ ಜಾರ್ಜ್ ಬಿಟ್ಟು ಹೋದ ವಿಷಯವೇ ಇಲ್ಲ. ಆದರೂ ಅದನ್ನು ನೋಡಿದವರು ಮುರಿದ ಮನೆ ಕಂಡರು. 2021ರ ಸಿನಿಮಾ ಅವನು ಹೋದದ್ದನ್ನು, ಉಳಿದವರು ಕಂಗಾಲಾದದ್ದನ್ನು, ಕರೆದು ತಂದದ್ದನ್ನು ಪೂರ್ತಿ ತೋರಿಸುತ್ತೆ. ಆದರೂ ಅದನ್ನು ನೋಡಿದವರು ಸ್ನೇಹ ಕಂಡರು. ನಡುವಿನ ಬೇಸರದ ಗಂಟೆಗಳನ್ನೂ ಜೊತೆಗೇ ಕೊಟ್ಟಿದ್ದರಿಂದ ಜಗಳ ತನ್ನ ಅಳತೆಗೆ ಇಳೀತು.

ಎರಡನೇ ನಿಲ್ದಾಣ: ದರ್ಜಿಗಳ ಬೀದಿ

ವಾಟರ್‌ಲೂನಲ್ಲಿ ಬೇಕರ್‌ಲೂ ಲೈನ್ ಹಿಡಿದು ಪಿಕಡಿಲಿ ಸರ್ಕಸ್‌ನಲ್ಲಿ ಇಳಿದೆ. ರೀಜೆಂಟ್ ಸ್ಟ್ರೀಟಿನ ಗಲಾಟೆಯಿಂದ ಒಂದು ಅಡ್ಡರಸ್ತೆ ಒಳಗೆ ಹೋದ್ರೆ ಸ್ಯಾವಿಲ್ ರೋ. ಸದ್ದು ಅರ್ಧಕ್ಕೆ ಇಳಿಯುತ್ತೆ. ಗಾಜಿನ ಹಿಂದೆ ತಲೆಯಿಲ್ಲದ ಬೊಂಬೆಗಳ ಮೇಲೆ ಅರ್ಧ ಹೊಲಿದ ಕೋಟು. ನೆಲಮಾಳಿಗೆಯ ಕಿಟಕಿಯಲ್ಲಿ ಬಗ್ಗಿ ನೋಡಿದ್ರೆ ಕತ್ತರಿ ಆಡಿಸ್ತಿರೋ ದರ್ಜಿಗಳು ಕಾಣ್ತಾರೆ. ಇಲ್ಲಿ ಒಂದು ಸೂಟು ಹೊಲಿಸೋ ದುಡ್ಡಲ್ಲಿ ನಮ್ಮೂರಲ್ಲಿ ಸಣ್ಣದೊಂದು ಮದುವೆ ಮುಗಿಸಬಹುದು.

3ನೇ ನಂಬರು ಹದಿನೆಂಟನೇ ಶತಮಾನದ ಇಟ್ಟಿಗೆ ಮನೆ. ಬೀಟಲ್ಸ್ ತಮ್ಮ ಆಪಲ್ ಕಂಪನಿಯ ಕಚೇರಿ ಇಟ್ಟಿದ್ದು ಇಲ್ಲೇ. ಟ್ವಿಕನಂನ ಚಳಿ ಸಾಕು ಅಂತ ಜಾರ್ಜ್ ವಾಪಸ್ ಬಂದ ಮೇಲೆ ಎಲ್ಲರೂ ಈ ಮನೆಯ ನೆಲಮಾಳಿಗೆಗೆ ಬಂದ್ರು. ಜನವರಿ 22ಕ್ಕೆ ಬಿಲ್ಲಿ ಪ್ರೆಸ್ಟನ್ ಅನ್ನೋ ಕೀಬೋರ್ಡ್ ವಾದಕ ಬಂದ. ಹ್ಯಾಂಬರ್ಗಿನ ದಿನಗಳ ಪರಿಚಯ. ಅವನು ಎಲೆಕ್ಟ್ರಿಕ್ ಪಿಯಾನೋ ಮೇಲೆ ಬೆರಳಿಟ್ಟ ಕೂಡಲೇ ಉಳಿದ ನಾಲ್ವರ ಮುಖ ಅರಳಿದ್ದು ಸಿನಿಮಾದಲ್ಲಿ ಕಣ್ಣಾರೆ ಕಾಣುತ್ತೆ. ಮನೆಗೆ ನೆಂಟರು ಬಂದಾಗ ಗಂಡ ಹೆಂಡತಿ ಜಗಳ ನಿಲ್ಲಿಸೋದಿಲ್ವಾ, ಹಾಗೆ.

30ರ ಮಧ್ಯಾಹ್ನ ತಾರಸಿಗೆ ಹತ್ತಿದ್ರು. ಸುಮಾರು 42 ನಿಮಿಷ ಹಾಡಿದ್ರು. ಜಾನ್ ಮೈಮೇಲೆ ಯೋಕೋಳ ತುಪ್ಪಳದ ಕೋಟು, ರಿಂಗೋ ಮೈಮೇಲೆ ಹೆಂಡತಿ ಮೊರೀನಳ ಕೆಂಪು ರೇನ್‌ಕೋಟು. ಗಾಳಿಯ ಸದ್ದು ತಡೆಯೋಕೆ ಮೈಕುಗಳಿಗೆ ಹೆಂಗಸರ ಸ್ಟಾಕಿಂಗ್ಸ್ ಸುತ್ತಿದ್ರು. ಅದೇ ಬೀದಿಯ ಪೊಲೀಸ್ ಠಾಣೆಯಿಂದ ಹುಡುಗು ಮುಖದ ಕಾನ್‌ಸ್ಟೇಬಲ್‌ಗಳು ಬಂದು ಸದ್ದು ಕಡಿಮೆ ಮಾಡಿ ಅಂದ್ರು. ರಿಸೆಪ್ಷನ್‌ನಲ್ಲಿ ಗಾಜಿನ ಹಿಂದೆ ಬಚ್ಚಿಟ್ಟ ಕ್ಯಾಮೆರಾ ಅದನ್ನೂ ಹಿಡೀತು. ನಾಲ್ವರೂ ಜನರ ಮುಂದೆ ಒಟ್ಟಿಗೆ ಹಾಡಿದ್ದು ಅದೇ ಕೊನೆ.

ಬೀದಿಯಲ್ಲಿ ನಿಂತು ಮೇಲೆ ನೋಡಿದಾಗ ನನಗೆ ಒಂದು ಸತ್ಯ ಹೊಳೀತು. ಇಲ್ಲಿಂದ ತಾರಸಿ ಕಾಣೋದೇ ಇಲ್ಲ! ಅವತ್ತು ಕೆಳಗೆ ಗುಂಪು ಕೂಡಿದವರಿಗೂ ಕಂಡಿರಲಿಲ್ಲ. ಅವರು ಬರೀ ಕೇಳಿದ್ರು. ಸಿನಿಮಾದಲ್ಲಿ ಆ ದಾರಿಹೋಕರ ಪ್ರತಿಕ್ರಿಯೆಗಳಿವೆ. ಟೋಪಿ ಹಾಕಿದ ಯಜಮಾನರು ಗೊಣಗ್ತಾರೆ, ಮಧ್ಯಾಹ್ನದ ಊಟಕ್ಕೆ ಹೊರಗೆ ಬಂದ ಆಫೀಸಿನ ಹುಡುಗಿಯರು ನಗ್ತಾರೆ, ಪಾದ್ರಿಯೊಬ್ಬರು ಪುಕ್ಕಟೆ ಸಿಗೋದು ಒಳ್ಳೇದೇ ಅಲ್ವಾ ಅಂತ ಮೆಚ್ಕೊಳ್ತಾರೆ. ಈ ಸಾಕ್ಷ್ಯಚಿತ್ರಕ್ಕೆ ಮೊಟ್ಟಮೊದಲು ಪ್ರತಿಕ್ರಿಯೆ ಕೊಟ್ಟ ಅಭಿಮಾನಿಗಳು ಅವರೇ.

ನಾನು ಹೋದಾಗ ಎದುರಿನ ಫುಟ್‌ಪಾತ್ ಮೇಲೆ ಹದಿನೈದು ಇಪ್ಪತ್ತು ಜನ ಇದ್ರು. ಯಾರೂ ಯಾರನ್ನೂ ಕರೆದಿರಲಿಲ್ಲ. ತಾರೀಕು ನೆನಪಿದ್ದವರು ಬಂದಿದ್ರು. ಒಬ್ಬ ಫೋನಿನಲ್ಲಿ ಮೆಲ್ಲಗೆ ಹಾಡು ಹಾಕಿದ. ಮಿಕ್ಕವರು ಹತ್ತಿರ ಸರಿದ್ರು.

ಪಕ್ಕದಲ್ಲಿ ನಿಂತಿದ್ದ ಹಿರಿಯಾಕೆ ನಿವೃತ್ತ ಟೀಚರ್. 1970ರಲ್ಲಿ ‘ಲೆಟ್ ಇಟ್ ಬಿ’ಯನ್ನು ಥಿಯೇಟರಿನಲ್ಲಿ ನೋಡಿ ಅಳುತ್ತಾ ಮನೆಗೆ ಹೋದವರು. ‘ಐವತ್ತು ವರ್ಷ ನನ್ನ ತಲೆಯಲ್ಲಿ ಆ ಅಳುವೇ ಇತ್ತು. ಹೊಸದನ್ನು ನೋಡಿ ಮತ್ತೆ ಅತ್ತೆ, ಆದರೆ ಇವರು ಇಷ್ಟೊಂದು ನಗ್ತಿದ್ರಾ ಅಂತ’ ಅಂದ್ರು. ತಂಡದ ಸಹಾಯಕ ಮ್ಯಾಲ್ ಇವನ್ಸ್ ವಿಷಯ ಬಂದಾಗ ಸ್ವಲ್ಪ ಹೊತ್ತು ಸುಮ್ಮನಾದ್ರು. ಸಿನಿಮಾದಲ್ಲಿ ಆ ದೊಡ್ಡ ದೇಹದ ಮನುಷ್ಯ ಸುತ್ತಿಗೆ ಹಿಡಿದು ಕಬ್ಬಿಣದ ಅಡಿಗಲ್ಲಿಗೆ ತಾಳ ಹಾಕುವಾಗ ಮಗುವಿನ ಹಾಗೆ ನಗ್ತಾನೆ. 1976ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಪೊಲೀಸರ ಗುಂಡಿಗೆ ಸತ್ತ. ಅಭಿಮಾನಿಗಳಿಗೆ ಮುಂದಿನದೆಲ್ಲ ಗೊತ್ತು. ತೆರೆ ಮೇಲಿನ ಅವನಿಗೆ ಗೊತ್ತಿಲ್ಲ. ಅಲ್ಲೇ ಹೊಟ್ಟೆ ಕಿವುಚುತ್ತೆ.

ಬ್ರೆಜಿಲ್‌ನಿಂದ ಬಂದಿದ್ದ ಹುಡುಗನೊಬ್ಬ ನನ್ನ ಹಾಗೆ ಸಾಫ್ಟ್‌ವೇರಿನವನು. ಅವನಿಗೆ ಜಾರ್ಜ್ ಮೇಲೆ ಪ್ರೀತಿ. ‘ಒಳ್ಳೇ ಐಡಿಯಾ ಹೇಳ್ತಾನೆ, ಯಾರೂ ತಲೆ ಎತ್ತಲ್ಲ. ನಮ್ಮ ಮ್ಯಾನೇಜರ್‌ಗೆ ಆ ಭಾಗ ತೋರಿಸಬೇಕು’ ಅಂದ. ಎಲ್ಲರೂ ನಕ್ಕೆವು. ಆದರೆ ಕನ್ನಡಕದ ಒಬ್ಬರು ತಲೆ ಅಲ್ಲಾಡಿಸಿದ್ರು. ‘ನೀವೆಲ್ಲ ಸಕ್ಕರೆ ನೆಕ್ತಿದ್ದೀರಿ. ನಿರ್ಮಾಪಕರ ಪಟ್ಟಿ ನೋಡಿದ್ರಾ? ಪಾಲ್, ರಿಂಗೋ, ಯೋಕೋ, ಜಾರ್ಜ್ ಹೆಂಡತಿ ಒಲಿವಿಯಾ. ಮನೆಯವರೇ ಮಾಡಿಸಿದ ಸಿನಿಮಾದಲ್ಲಿ ಮನೆ ಚೆನ್ನಾಗೇ ಕಾಣುತ್ತೆ.’

ಆ ಮಾತು ತಳ್ಳಿಹಾಕೋ ಹಾಗಿಲ್ಲ. 60 ಗಂಟೆಯಿಂದ ಎಂಟು ಗಂಟೆ ಆರಿಸಿದ್ದೂ ಆರಿಸಿದ್ದೇ. ಅದಕ್ಕೆ ಟೀಚರ್ ಕೊಟ್ಟ ಉತ್ತರ ನನಗೆ ಹಿಡಿಸಿತು. ‘ಇರಬಹುದು. ಆದರೆ ಎಂಬತ್ತು ನಿಮಿಷದಲ್ಲಿ ಒಬ್ಬ ಹೆಂಗಸಿನ ಮೇಲೆ ತಪ್ಪು ಹೊರಿಸೋದು ಸುಲಭ. ಎಂಟು ಗಂಟೆ ಆಕೆಯನ್ನು ನೋಡಿದ ಮೇಲೆ ಕಷ್ಟ.’

ನಿಜ. ಸಿನಿಮಾದಲ್ಲಿ ಯೋಕೋ ಏನು ಮಾಡ್ತಾಳೆ? ಜಾನ್ ಪಕ್ಕ ಕೂತಿರ್ತಾಳೆ. ಪೇಪರ್ ಓದ್ತಾಳೆ. ಕಾಗದಗಳನ್ನು ನೋಡ್ತಾಳೆ. ಲಿಂಡಾ ಬಂದಾಗ ಅವಳ ಹತ್ತಿರ ಏನೋ ಹೇಳಿ ನಗ್ತಾಳೆ. ಒಮ್ಮೊಮ್ಮೆ ಮೈಕಿನಲ್ಲಿ ಕಿರುಚ್ತಾಳೆ, ಆಗ ಉಳಿದವರೂ ಜೊತೆಗೆ ಗಲಾಟೆ ಮಾಡ್ತಾರೆ. ಇಬ್ಬರೇ ಉಳಿದಿದ್ದ ಆ 13ರಂದು ಪಾಲ್ ಒಂದು ಮಾತು ಹೇಳ್ತಾನೆ: ಇನ್ನು ಐವತ್ತು ವರ್ಷ ಆದ್ಮೇಲೆ ಇದು ಎಂಥ ತಮಾಷೆಯಾಗಿ ಕೇಳಿಸುತ್ತೆ ಗೊತ್ತಾ, ಯೋಕೋ ಆಂಪ್ಲಿಫೈಯರ್ ಮೇಲೆ ಕೂತಿದ್ದಕ್ಕೆ ಬೀಟಲ್ಸ್ ಒಡೆದು ಹೋಯ್ತು ಅಂತ! ಐವತ್ತೆರಡು ವರ್ಷ ಆದ್ಮೇಲೆ ಆ ಮಾತು ಹೊರಗೆ ಬಂತು. ಅಷ್ಟು ವರ್ಷವೂ ಜಗತ್ತು ಹೆಚ್ಚು ಕಮ್ಮಿ ಅದನ್ನೇ ಹೇಳ್ತಿತ್ತು.

ತಿಪಟೂರಿನ ಆಂಪ್ಲಿಫೈಯರ್

ಈ ಮಾತು ನನ್ನನ್ನು ಯಾಕೆ ಚುಚ್ಚಿತು ಅಂದ್ರೆ, ನಮ್ಮ ಮನೆಯಲ್ಲೂ ಒಂದು ತಂಡ ಇತ್ತು.

ಅಣ್ಣ ನನಗಿಂತ ಹದಿನೈದು ವರ್ಷ ದೊಡ್ಡವನು. ತಿಪಟೂರಿನಲ್ಲಿ ನಾಲ್ಕು ಜನ ಗೆಳೆಯರ ಆರ್ಕೆಸ್ಟ್ರಾ. ಅಣ್ಣನದು ಕೀಬೋರ್ಡ್. ಒಬ್ಬರು ರಿದಮ್ ಪ್ಯಾಡ್, ಒಬ್ಬರು ಗಿಟಾರ್, ಒಬ್ಬರು ಹಾಡ್ತಿದ್ದ ಸ್ಕೂಲ್ ಮೇಷ್ಟ್ರು. ಗಣೇಶನ ಪೆಂಡಾಲು, ರಾಜ್ಯೋತ್ಸವ, ಮದುವೆ ರಿಸೆಪ್ಷನ್. ನಾನು ಸ್ಕೂಲಿಗೆ ಹೋಗೋ ಹೊತ್ತಲ್ಲಿ ಅವನು ಟೆಂಪೋದಿಂದ ಸ್ಪೀಕರ್ ಇಳಿಸ್ತಿದ್ದ. 2010ರಲ್ಲಿ ಅವನ ಮದುವೆ ಆಯ್ತು. 2012ರಲ್ಲಿ ಆರ್ಕೆಸ್ಟ್ರಾ ನಿಂತಿತು. ಎರಡು ತಾರೀಕು ಅಕ್ಕಪಕ್ಕ ಇದ್ರೆ ಸಾಕಲ್ಲ, ಕಥೆ ಹುಟ್ಟೋಕೆ? ‘ಹೆಂಡ್ತಿ ಬಂದ್ಲು, ತಂಡ ಒಡೀತು.’ ಅಂಗಡಿ ಬೀದಿಯಲ್ಲೂ ಅದೇ ಮಾತು, ನಮ್ಮಮ್ಮನ ಬಾಯಲ್ಲೂ ಅದೇ ಮಾತು. ಅತ್ತಿಗೆ ಎದುರಿಗೇ ನಗುನಗುತ್ತಾ ಹೇಳ್ತಿದ್ರು. ಅತ್ತಿಗೆಯೂ ನಗ್ತಿದ್ರು.

ಹೋದ ದೀಪಾವಳಿಗೆ ಊರಿಗೆ ಹೋದಾಗ ಲ್ಯಾಪ್‌ಟಾಪನ್ನು ಟಿ.ವಿ.ಗೆ ಹಾಕಿ ಮೂರನೇ ಕಂತು ತೋರಿಸಿದೆ. ಅಣ್ಣನಿಗೆ ಇಂಗ್ಲಿಷ್ ಮಾತು ಅಷ್ಟು ಹಿಡಿಯಲ್ಲ, ಬೆರಳುಗಳು ಹಿಡೀತವೆ. ತಾರಸಿ ದೃಶ್ಯ ಬಂದಾಗ ಮುಂದೆ ಸರಿದು ಕೂತ. ‘ಇಷ್ಟು ಗಾಳೀಲಿ ಶ್ರುತಿ ನಿಲ್ಲಿಸೋದು ಹುಡುಗಾಟ ಅಲ್ಲ. ಅವನ ಕೈ ನೋಡು, ಮರಗಟ್ಟಿದೆ. ಆದರೂ ತಾಳ ಬಿಡ್ತಿಲ್ಲ’ ಅಂದ. ಜಾನ್‌ನೂ ಪಾಲ್‌ನೂ ಹಾಡಿನ ನಡುವೆ ಒಬ್ಬರನ್ನೊಬ್ಬರು ನೋಡಿ ನಕ್ಕಾಗ ಅಣ್ಣ ಏನೂ ಹೇಳಲಿಲ್ಲ. ತೊಡೆ ಮೇಲೆ ಬೆರಳು ಓಡ್ತಿದ್ವು.

ಅತ್ತಿಗೆ ಅವರೆಕಾಯಿ ಸುಲಿಯುತ್ತಾ ಕೂತಿದ್ರು. ‘ಆ ಕರೀ ಕೂದಲಿನಾಕೆ ಯಾರೇ? ಪಾಪ, ಸುಮ್ನೆ ಕೂತೇ ಇದಾಳೆ’ ಅಂದ್ರು. ಯಾರು ಅಂತ ಹೇಳಿದೆ, ಜನ ಏನಂತಾರೆ ಅಂತಲೂ ಹೇಳಿದೆ, ಆಂಪ್ಲಿಫೈಯರ್ ಮಾತನ್ನೂ ಹೇಳಿದೆ. ಅತ್ತಿಗೆ ಜೋರಾಗಿ ನಕ್ಕುಬಿಟ್ರು.

‘ನಾನಂತೂ ಆಂಪ್ಲಿಫೈಯರ್ ಮೇಲೆ ಕೂತೂ ಇರಲಿಲ್ಲ ಕಣೇ.’

ಟಿ.ವಿ.ಯಲ್ಲಿ ಹಾಡು ನಡೀತಾನೇ ಇತ್ತು. ಅತ್ತಿಗೆ ಕಾಯಿ ಸುಲಿಯೋದು ನಿಲ್ಲಿಸದೆ ಹೇಳಿದ್ರು. ಡಿ.ಜೆ. ಬಂದ ಮೇಲೆ ಪೆಂಡಾಲಿನವರು ಅರ್ಧ ದುಡ್ಡಿಗೆ ಕರೆಯೋಕೆ ಶುರು ಮಾಡಿದ್ದು. ಪ್ಯಾಡ್ ನುಡಿಸ್ತಿದ್ದವರಿಗೆ ಬಸ್ ಕಂಡಕ್ಟರ್ ಕೆಲಸ ಆಗಿದ್ದು. ಮೇಷ್ಟ್ರಿಗೆ ದೂರದ ಊರಿಗೆ ವರ್ಗ ಆಗಿದ್ದು. ‘ಕೊನೇ ವರ್ಷ ಆ ಪ್ಯಾಡ್ ಕೆಟ್ಟಾಗ ನನ್ನ ಎರಡು ಬಳೆ ಅಡ ಇಟ್ಟಿದ್ವಿ. ಇನ್ನೊಂದು ಗಣೇಶನ ಹಬ್ಬ ನಡೀಲಿ ಅಂತ.’

ಅಣ್ಣ ತಲೆ ತಗ್ಗಿಸಿ ‘ಹೌದು’ ಅಂದ.

ಬಾಗಿಲ ಹತ್ತಿರ ಕೂತಿದ್ದ ಅಮ್ಮ, ‘ನಂಗೆ ಯಾರೂ ಹೇಳಲೇ ಇಲ್ವಲ್ಲ’ ಅಂದ್ರು.

‘ನೀವು ಕೇಳಲಿಲ್ವಲ್ಲ ಅತ್ತೆ.’

ಅಮ್ಮ ಸ್ವಲ್ಪ ಹೊತ್ತು ಕೂತಿದ್ರು. ಆಮೇಲೆ ಎದ್ದು ಬಂದು ಅತ್ತಿಗೆ ಮುಂದಿದ್ದ ಮೊರವನ್ನು ತನ್ನ ಕಡೆಗೆ ಎಳ್ಕೊಂಡು ಕಾಯಿ ಸುಲಿಯೋಕೆ ಶುರು ಮಾಡಿದ್ರು. ಆ ಕಥೆಯನ್ನು ಅವರು ಮತ್ತೆ ಹೇಳಿದ್ದು ನಾನು ಕೇಳಿಲ್ಲ.

ಲಿವರ್‌ಪೂಲಿನ ಹುಡುಗರಿಗೂ ತಿಪಟೂರಿನ ಆರ್ಕೆಸ್ಟ್ರಾಗೂ ಎಲ್ಲಿಂದೆಲ್ಲಿಯ ಹೋಲಿಕೆ! ಗೊತ್ತು. ಆದರೆ ತಂಡ ಒಡೆಯೋದಕ್ಕೆ ಕಾರಣಗಳು ಎಲ್ಲ ಕಡೆಯೂ ಹತ್ತಾರು ಇರ್ತವೆ, ನಿಧಾನವಾಗಿ ಬರ್ತವೆ. ಕೇಳೋರಿಗೆ ಮಾತ್ರ ಒಂದೇ ಕಾರಣ ಬೇಕು, ಅದೂ ಬೇಗ ಬೇಕು. ಹೊರಗಿಂದ ಬಂದವಳು ಕೈಗೆ ಹತ್ತಿರ ಇರ್ತಾಳೆ.

ಮೂರನೇ ನಿಲ್ದಾಣ: ಬಿಳಿ ಪಟ್ಟೆ

ಸ್ಯಾವಿಲ್ ರೋನಿಂದ ಗ್ರೀನ್ ಪಾರ್ಕ್‌ಗೆ ನಡೆದು ಜುಬಿಲಿ ಲೈನ್ ಹತ್ತಿದೆ. ಸೇಂಟ್ ಜಾನ್ಸ್ ವುಡ್‌ನಲ್ಲಿ ಇಳಿದು ಐದು ನಿಮಿಷ ನಡೆದ್ರೆ ಆಬಿ ರೋಡ್. ಟೀಚರೂ ಬ್ರೆಜಿಲ್ ಹುಡುಗನೂ ಜೊತೆಗೆ ಬಂದ್ರು.

ಆ ಜೀಬ್ರಾ ಕ್ರಾಸಿಂಗ್ ನೀವೂ ನೋಡಿರ್ತೀರಿ, ಟೀಶರ್ಟ್ ಮೇಲಾದ್ರೂ. 1969ರ ಆಗಸ್ಟ್ 8ರಂದು ಫೋಟೋಗ್ರಾಫರ್ ಏಣಿ ಹತ್ತಿ ನಿಂತು, ಪೊಲೀಸಪ್ಪ ವಾಹನ ತಡೆದು, ಆರೇ ಆರು ಫೋಟೋ ತೆಗೆದ್ರು. 2010ರಲ್ಲಿ ಸರ್ಕಾರ ಈ ಪಟ್ಟೆಗಳನ್ನು ಸಂರಕ್ಷಿತ ಪಟ್ಟಿಗೆ ಸೇರಿಸಿದೆ. ಆ ಫೋಟೋದಲ್ಲಿ ಜಾನ್, ರಿಂಗೋ, ಪಾಲ್ ಹಾಕಿರೋ ಸೂಟು ಟಾಮಿ ನಟರ್‌ದು. ಅವರು ಸ್ಯಾವಿಲ್ ರೋನಲ್ಲಿ ಅಂಗಡಿ ತೆರೆದಿದ್ದು ತಾರಸಿ ಕಛೇರಿ ಆಗಿ ಎರಡು ವಾರಕ್ಕೆ. ಜಾರ್ಜ್ ಮಾತ್ರ ಡೆನಿಮ್‌ನಲ್ಲಿ!

ಮುರಿದೇ ಹೋಗಿತ್ತು ಅಂತ ಎಲ್ಲರೂ ನಂಬಿದ್ದ ಆ ಜನವರಿ ಆದ್ಮೇಲೆ ಇದೇ ನಾಲ್ವರು ಇದೇ ಸ್ಟುಡಿಯೋದಲ್ಲಿ ‘ಆಬಿ ರೋಡ್’ ಆಲ್ಬಂ ಮಾಡಿದ್ರು. ಸೆಪ್ಟೆಂಬರ್‌ನಲ್ಲಿ ಅದು ಹೊರಗೆ ಬಂತು. ಅದೇ ತಿಂಗಳು ಜಾನ್ ತಾನು ಹೊರಡ್ತೀನಿ ಅಂತ ಒಳಗೊಳಗೆ ಹೇಳಿಯೂ ಆಗಿತ್ತು. ಜೊತೆಯಾಗಿ ಒಳ್ಳೇ ಕೆಲಸ ಮಾಡಿ ಮುಗಿಸೋದೂ, ಜೊತೆ ಬಿಡೋದೂ ಒಂದೇ ವರ್ಷದಲ್ಲಿ ಆಗಬಹುದು. ಟೀಚರ್ ಅಂದ್ರು: ‘ಅವರು ಒಡೆದದ್ದು ಇವತ್ತಿಗೂ ನನಗೆ ಬೇಜಾರೇ. ಈಗ ಯಾರ ಮೇಲೂ ಸಿಟ್ಟಿಲ್ಲ, ಅಷ್ಟೇ.’

ಸ್ಟುಡಿಯೋದ ಬಿಳೀ ಕಾಂಪೌಂಡ್ ಗೋಡೆ ಮೇಲೆ ಜಗತ್ತಿನ ಎಲ್ಲ ಭಾಷೆಯ ಬರಹ. ಆಗಾಗ ಸುಣ್ಣ ಹೊಡೀತಾರೆ, ಮತ್ತೆ ಬರೀತಾರೆ. ಬ್ರೆಜಿಲ್ ಹುಡುಗ ಪೆನ್ನು ಕೊಟ್ಟ. ಕನ್ನಡದಲ್ಲಿ ಐದು ಹೆಸರು ಬರೆದೆ. ನಾಲ್ಕು ಆರ್ಕೆಸ್ಟ್ರಾದವರದು, ಐದನೆಯದು ಅತ್ತಿಗೆಯದು. ಇವರೆಲ್ಲ ಯಾರು ಅಂತ ಟೀಚರ್ ಕೇಳಿದ್ರು. ಒಂದು ಬ್ಯಾಂಡ್ ಅಂದೆ.

ಹೋಗೋರಿಗೆ ಎರಡು ಮಾತು. ಟ್ವಿಕನಂ ಸ್ಟುಡಿಯೋ ಹೊರಗಿಂದ ಮಾತ್ರ, ಸ್ಯಾವಿಲ್ ರೋ ತಾರಸಿಗೂ ಸುಮ್ಮನೆ ಹತ್ತಿಸಲ್ಲ, ಹಾಗಾಗಿ ಖರ್ಚು ಬರೀ ಬಸ್ಸು ರೈಲಿನದು. ಜೀಬ್ರಾ ಕ್ರಾಸಿಂಗ್ ಮೇಲೆ ರೀಲ್ಸ್ ಮಾಡೋ ಆಸೆ ಇದ್ರೆ ಬೆಳಿಗ್ಗೆ ಬೇಗ ಹೋಗಿ. ಅದು ವಾಹನ ಓಡಾಡೋ ರಸ್ತೆ, ಬಸ್ ಡ್ರೈವರ್‌ಗಳು ನಮ್ಮೂರಿನವರಷ್ಟೇ ಚೆನ್ನಾಗಿ ಬೈತಾರೆ. ಸಿನಿಮಾ ನೋಡೋದಾದ್ರೆ ತಾರಸಿ ದೃಶ್ಯದ ಆಸೆಗೆ ನೇರ ಮೂರನೇ ಕಂತಿಗೆ ಹಾರಬೇಡಿ. ಮೊದಲ ಕಂತು ಬೋರು ಹೊಡೆಯುತ್ತೆ. ಅಡಿಗೆ ಮಾಡ್ತಾ, ಬಟ್ಟೆ ಮಡಚ್ತಾ ನೋಡಿ, ಪಕ್ಕದ ಮನೆಯವರು ಮಾತಾಡ್ತಿರೋ ಹಾಗೆ ಅದು ಓಡ್ತಿರಲಿ. ಸಾಧ್ಯ ಆದ್ರೆ ಒಬ್ಬರೇ ನೋಡಬೇಡಿ. ಮನೆಯಲ್ಲ‌ೋ ಗೆಳೆಯರಲ್ಲೋ ಒಂದು ಹಳೇ ಜಗಳದ ಕಥೆ ಇದ್ದೇ ಇರುತ್ತಲ್ಲ, ಆ ಕಥೆಯಲ್ಲಿ ಇಷ್ಟು ವರ್ಷ ಸುಮ್ಮನೆ ಕೂತಿರೋರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.